ಬಿಸಿಯಾದ ಮೇಲೆ ನಿಂತುಬಿಡುವ ಅಂಬಾಸಿಡರ್: ಹೋಗಿದ್ದು ಕರೆಂಟಾ, ಪೆಟ್ರೋಲಾ?

ಬಸವನಗುಡಿ ಮಾರ್ಕ್ 4

ಎಲ್ಲರಿಗೂ ನಮಸ್ಕಾರ. ಕಾರು 1982ರ ಅಂಬಾಸಿಡರ್ ಮಾರ್ಕ್ 4. 1489 ಸಿಸಿ ಪೆಟ್ರೋಲ್ ಎಂಜಿನ್, ಸೋಲೆಕ್ಸ್ ಕಾರ್ಬ್ಯುರೇಟರ್, ಸಿಬಿ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕೊಟ್ಟು ಕಡಿಯುವ ಸಣ್ಣ ಸ್ವಿಚ್) ಇರುವ ಹಳೇ ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರ್. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಲ್ಲ, ಹಾಕಿಸುವ ಮನಸ್ಸೂ ಇಲ್ಲ.

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಗಾಂಧಿಬಜಾರ್, ಜಯನಗರ ಅಂತ ಹತ್ತಿರದಲ್ಲೇ ಓಡಾಡಿದರೆ ಏನೂ ತೊಂದರೆ ಇಲ್ಲ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಹೋಗಿ ಬಂದರೂ ಸರಿಯಾಗಿಯೇ ಓಡುತ್ತದೆ. ಸಿಲ್ಕ್ ಬೋರ್ಡ್ ಕಡೆ ಹೋಗಿ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದರೆ ಮಾತ್ರ ಮುಗೀತು. ಮೊದಲು ಮಿಸ್ಸಿಂಗ್ ಶುರು, ಆಮೇಲೆ ಎರಡು ಸಲ ಜಗ್ಗಿ ಎಂಜಿನ್ ಬಂದ್. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ಬಾನೆಟ್ ಎತ್ತಿಟ್ಟು ಕಾದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಟೆಂಪರೇಚರ್ ಮುಳ್ಳು ಮಧ್ಯ ದಾಟುವುದಿಲ್ಲ, ರೇಡಿಯೇಟರ್‌ನಲ್ಲಿ ನೀರೂ ಸರಿಯಾಗಿದೆ.

ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಕಿಟ್, ಪ್ಲಗ್, ಪೆಟ್ರೋಲ್ ಫಿಲ್ಟರ್ ಎಲ್ಲ ಬದಲಾಯಿಸಿದ್ದಾರೆ. ಪ್ಲಗ್‌ನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಕಾಯಿಲ್ ಹೋದ ವರ್ಷವಷ್ಟೇ ಹೊಸದು ಹಾಕಿದ್ದು, ಹಾಗಾಗಿ ಅದರ ಮೇಲೆ ಅನುಮಾನ ಇಲ್ಲ. ಈಗ ಅವರು ಹೇಳುವುದು, "ಇದು ಏರ್ ಲಾಕ್ ಸಾರ್, ಇ20 ಪೆಟ್ರೋಲ್ ಬಂದ ಮೇಲೆ ಎಲ್ಲಾ ಹಳೇ ಗಾಡಿಗೂ ಇದೇ ಕಥೆ, ಎಲೆಕ್ಟ್ರಿಕ್ ಪಂಪ್ ಹಾಕಿಬಿಡೋಣ" ಅಂತ. ಅಂದರೆ 20 ಶೇಕಡ ಎಥನಾಲ್ ಬೆರೆಸಿದ ಈ ಪೆಟ್ರೋಲ್ ಬಿಸಿಗೆ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುತ್ತದೆ ಅಂತ ಅವರ ಲೆಕ್ಕ. ಹಾಕಿಸುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ನಿವೃತ್ತ ಫಿಟ್ಟರ್

ಒಳ್ಳೆಯದಾಯಿತು ಕೇಳಿದ್ದು. ಇನ್ನು ಒಂದು ಪಾರ್ಟ್ ಕೂಡ ಈಗ ಬದಲಾಯಿಸಬೇಡಿ. ಕಾರು ನಿಂತ ಆ ಕ್ಷಣದಲ್ಲಿ ಎಂಜಿನ್‌ಗೆ ಏನು ಸಿಗುತ್ತಿಲ್ಲ, ಕರೆಂಟಾ ಪೆಟ್ರೋಲಾ, ಅದು ಗೊತ್ತಾಗಬೇಕು. ಅದು ಗೊತ್ತಾಗದೆ ಹಾಕುವ ಪ್ರತಿ ಪಾರ್ಟೂ ಬರೀ ಊಹೆ. ಕಾರನ್ನು ಟೋ ಮಾಡಿ ಗ್ಯಾರೇಜಿಗೆ ತಂದು, ಊಟ ಮುಗಿಸಿ ಬಾನೆಟ್ ಎತ್ತಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಣ್ಣಗಾದ ಎಂಜಿನ್ ಮೇಲೆ ಮಾಡಿದ ಪರೀಕ್ಷೆಗೆ ಈ ತೊಂದರೆಯಲ್ಲಿ ಬೆಲೆಯೇ ಇಲ್ಲ. ರಸ್ತೆ ಪಕ್ಕದಲ್ಲೇ, ನಿಂತ ಮೊದಲ ಐದು ನಿಮಿಷದೊಳಗೆ ನೋಡಬೇಕು.

ಡಿಕ್ಕಿಯಲ್ಲಿ ಇಷ್ಟು ಇಟ್ಟುಕೊಳ್ಳಿ: ಒಂದು ಒಳ್ಳೆಯ ಪ್ಲಗ್, ಎರಡು ತಂತಿ ಕಟ್ಟಿದ 12 ವೋಲ್ಟ್ ಬಲ್ಬ್, ಸ್ಕ್ರೂಡ್ರೈವರ್, ಹಳೇ ಬಟ್ಟೆ, ಎರಡು ಬಾಟಲಿ ನೀರು. ಬೆಂಕಿ ಆರಿಸುವ ಸಿಲಿಂಡರ್ ಹೇಗೂ ಇರಲೇಬೇಕು.

ನಿಂತ ತಕ್ಷಣ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಜೋರಾಗಿ ಬಂದರೆ, ಆಮೇಲೆ ಸೆಲ್ಫ್ ಹೊಡೆದ ಸ್ವಲ್ಪ ಹೊತ್ತಿಗೆ ಎಂಜಿನ್ ಹಿಡಿದರೆ, ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಅದಕ್ಕೆ ಖರ್ಚೇ ಇಲ್ಲ.

ಅದಲ್ಲದಿದ್ದರೆ ಏರ್ ಕ್ಲೀನರ್ ತೆಗೆದು, ಎಂಜಿನ್ ತಿರುಗಿಸದೆ, ಕೈಯಿಂದ ಆಕ್ಸಲರೇಟರ್ ಲಿಂಕ್ ಎಳೆದು ಕಾರ್ಬ್ಯುರೇಟರ್ ಗಂಟಲಿನೊಳಗೆ ನೋಡಿ. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ನಾಲ್ಕೈದು ಸಲ ಎಳೆದಾಗಲೂ ಚಿಮ್ಮಿದರೆ ಫ್ಲೋಟ್ ಬೌಲ್‌ನಲ್ಲಿ (ಕಾರ್ಬ್ಯುರೇಟರ್‌ನ ಪುಟ್ಟ ಪೆಟ್ರೋಲ್ ತೊಟ್ಟಿ) ಪೆಟ್ರೋಲ್ ಇದೆ ಅಂತ ಅರ್ಥ. ಬರೀ ಗಾಳಿ ಬಂದರೆ, ಅಥವಾ ಒಂದು ಸಲ ಬಂದು ನಿಂತರೆ, ಆಗ ಎ.ಸಿ. ಪಂಪ್ (ಎಂಜಿನ್ ತಿರುಗಿದಾಗ ಓಡುವ ಪೆಟ್ರೋಲ್ ಪಂಪ್), ಲೈನ್, ಏರ್ ಲಾಕ್ ಇವುಗಳ ಮಾತಾಡಬಹುದು.

ಇದಾದ ಮೇಲೆ ಏರ್ ಕ್ಲೀನರ್ ವಾಪಸ್ ಹಾಕಿ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಇದನ್ನು ಬಿಡಬೇಡಿ, ದಯವಿಟ್ಟು. ಕಿಡಿ ನೋಡುವಾಗ ಕಾರ್ಬ್ಯುರೇಟರ್ ಬಾಯಿ ತೆರೆದಿರಬಾರದು. ಆಮೇಲೆ ಒಂದು ಪ್ಲಗ್ ವೈರ್ ಕಿತ್ತು ನಿಮ್ಮ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್‌ನ ಮೈಯನ್ನು ಎಂಜಿನ್‌ನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ದಪ್ಪ ನೀಲಿ ಕಿಡಿ, ಟಿಕ್ ಟಿಕ್ ಸದ್ದು ಬಂದರೆ ಕರೆಂಟ್ ಸರಿ. ಸಣ್ಣ ಹಳದಿ ಕಿಡಿ, ಅಥವಾ ಕಿಡಿಯೇ ಇಲ್ಲ ಅಂದರೆ ತಪ್ಪು ಕರೆಂಟ್ ಕಡೆ.

ಇಷ್ಟು ನೋಡಿ ಬಂದು ಹೇಳಿ.

ಯಲಹಂಕ ಪದ್ಮಿನಿ

ಫಿಟ್ಟರ್ ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಪ್ರೀಮಿಯರ್ ಪದ್ಮಿನಿಯಲ್ಲೂ ಇದೇ ಲಕ್ಷಣ ಇತ್ತು. ಹೆಬ್ಬಾಳ ಫ್ಲೈಓವರ್ ಹತ್ತುವಾಗ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಹೊರಡುತ್ತಿತ್ತು. ಎಲ್ಲರೂ ಬಿಸಿ, ಬಿಸಿ ಅಂದರು. ಕೊನೆಗೆ ನೋಡಿದರೆ ಬಿಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಟ್ಯಾಂಕಿನೊಳಗೆ ತುಕ್ಕಿನ ಪುಡಿ. ಎಂಜಿನ್ ಪೆಟ್ರೋಲ್ ಎಳೆಯುತ್ತಾ ಇರುವಾಗ ಪುಡಿ ನಿಧಾನವಾಗಿ ಬಂದು ಪೈಪಿನ ಬಾಯಿಗೆ ಕೂರುತ್ತದೆ. ಎಂಜಿನ್ ನಿಂತ ಮೇಲೆ ಎಳೆತ ಇಲ್ಲದೆ ಪುಡಿ ಕೆಳಗೆ ಉದುರುತ್ತದೆ, ದಾರಿ ಬಿಡಿಸಿಕೊಳ್ಳುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಆಗುವುದರಿಂದ ಬಿಸಿಯ ತೊಂದರೆ ಥರಾನೇ ಕಾಣುತ್ತದೆ.

ಗುರುತು ಹಿಡಿಯುವುದು ಸುಲಭ. ಏರುದಾರಿಯಲ್ಲಿ, ವೇಗದಲ್ಲಿ, ಅಂದರೆ ಪೆಟ್ರೋಲ್ ಜಾಸ್ತಿ ಬೇಕಾದಾಗ ನಿಂತರೆ ಇದರ ಮೇಲೆ ಅನುಮಾನ ಪಡಿ. ನಿಮ್ಮದು ನೆಲಮಂಗಲದ ಹೈವೇಯಲ್ಲಿ ಚೆನ್ನಾಗಿ ಓಡುತ್ತದೆ ಅಂತೀರಿ, ಹಾಗಾಗಿ ನಿಮ್ಮದು ಇದಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೂ ಫಿಲ್ಟರ್ ಬಿಚ್ಚಿದಾಗ ಕಂದು ಪುಡಿ ಇದೆಯಾ ನೋಡಿ.

ಮೈಸೂರು ರಸ್ತೆ

ಇದು ಏರ್ ಲಾಕೇ. ಯಾಕೆ ಅಷ್ಟೊಂದು ಪರೀಕ್ಷೆ? ಅಂಬಾಸಿಡರ್ ಎಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ ಒಂದೇ ಬದಿಯಲ್ಲಿವೆ. ಕಾರ್ಬ್ಯುರೇಟರ್ ಸುಡುವ ಎಕ್ಸಾಸ್ಟ್ ಮೇಲೇ ಕೂತಿದೆ. ಅದಕ್ಕೆ ಈ ಇ20 ಪೆಟ್ರೋಲ್ ಸೇರಿದರೆ ಕುದಿಯದೆ ಇನ್ನೇನಾಗುತ್ತದೆ? ಎಲೆಕ್ಟ್ರಿಕ್ ಪಂಪ್ ಹಾಕಿಸಿ ನೆಮ್ಮದಿಯಾಗಿರಿ. ಅಲ್ಲಿಯವರೆಗೆ ಪೆಟ್ರೋಲ್ ಪೈಪಿಗೆ ಮರದ ಬಟ್ಟೆ ಕ್ಲಿಪ್ ಸಾಲಾಗಿ ಹಾಕಿ. ನಮ್ಮ ಮಾವ ಹಾಕುತ್ತಿದ್ದರು, ಕೆಲಸ ಮಾಡುತ್ತಿತ್ತು.

ಮಲ್ಲೇಶ್ವರದ ಹೆರಾಲ್ಡ್

ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. ಏರ್ ಲಾಕ್ ಜೊತೆ ಬಹಳ ಕಾಲ ಬಾಳಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀರಿಗೆ ಇರುವ ಹಾಗೆ ಪೆಟ್ರೋಲಿಗೆ ಒಂದೇ ಕುದಿಬಿಂದು ಇಲ್ಲ. ಅದು ಹಲವು ದ್ರವಗಳ ಮಿಶ್ರಣ. ಹಗುರವಾದ ಭಾಗ 35-40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯಲು ಶುರು ಮಾಡುತ್ತದೆ, ಭಾರವಾದ ಭಾಗಕ್ಕೆ 200 ಡಿಗ್ರಿ ಹತ್ತಿರ ಬೇಕು. ಎಥನಾಲ್ ಒಂದೇ ಇದ್ದರೆ 78 ಡಿಗ್ರಿಯಲ್ಲಿ ಕುದಿಯುತ್ತದೆ. ಆದರೆ ಪೆಟ್ರೋಲ್ ಜೊತೆ ಸೇರಿದಾಗ 70 ಡಿಗ್ರಿಯೊಳಗೆ ಆವಿಯಾಗುವ ಪಾಲು ಜಾಸ್ತಿಯಾಗುತ್ತದೆ. ಹಾಗಾಗಿ ಮೆಕ್ಯಾನಿಕ್ ಹೇಳುವುದರಲ್ಲಿ ನಿಜ ಇದೆ, ಸುಮ್ನೆ ತಳ್ಳಿಹಾಕುವ ಮಾತಲ್ಲ.

ನಮ್ಮ ಊರಿನದ್ದೂ ಒಂದು ಪಾಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ. ನೀರೇ ಇಲ್ಲಿ 97 ಡಿಗ್ರಿ ಸುಮಾರಿಗೆ ಕುದಿಯುತ್ತದೆ. ಪೆಟ್ರೋಲೂ ಅಷ್ಟೇ, ಸ್ವಲ್ಪ ಬೇಗ ಕುದಿಯುತ್ತದೆ. ಇದರ ಮೇಲೆ ಎ.ಸಿ. ಪಂಪ್ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆಯುತ್ತದೆ. ಎಳೆಯುವ ಪೈಪಿನಲ್ಲಿ ಒತ್ತಡ ಇನ್ನೂ ಕಮ್ಮಿ, ಅಲ್ಲಿ ಕುದಿಯುವುದು ಇನ್ನೂ ಸುಲಭ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಇಟ್ಟರೆ ಅದು ತಳ್ಳುತ್ತದೆ, ಪೈಪಿನಲ್ಲಿ ಒತ್ತಡ ಏರುತ್ತದೆ, ಕುದಿಯುವುದು ತಡವಾಗುತ್ತದೆ. ಎಲೆಕ್ಟ್ರಿಕ್ ಪಂಪ್ ಕೆಲಸ ಮಾಡುವುದು ಈ ಕಾರಣಕ್ಕೆ. ಅದೇ ಪಂಪನ್ನು ಬಾನೆಟ್ ಕೆಳಗೆ ಎಂಜಿನ್ ಪಕ್ಕದಲ್ಲಿ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಅದರಿಂದ ಹೆಚ್ಚಿನ ಪ್ರಯೋಜನ ಇಲ್ಲ.

ಏರ್ ಲಾಕ್ ಹೌದಾ ಅಲ್ಲವಾ ಅಂತ ತಿಳಿಯಲು: ಕಾರು ನಿಂತಾಗ ಬಟ್ಟೆಯನ್ನು ನೀರಲ್ಲಿ ಅದ್ದಿ ಎ.ಸಿ. ಪಂಪ್ ಮೇಲೂ, ಪಂಪಿನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಪೈಪಿನ ಮೇಲೂ ಸುತ್ತಿ. ಎರಡು ಮೂರು ನಿಮಿಷದಲ್ಲಿ ಸ್ಟಾರ್ಟ್ ಆದರೆ ಏರ್ ಲಾಕ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಸುರಿಯಬೇಡಿ, ಬಿಸಿ ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಬಟ್ಟೆ ಕ್ಲಿಪ್ ಬಗ್ಗೆ: ಮರ ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುವಲ್ಲ. ಪೈಪಿನ ಬಿಸಿಯನ್ನು ಅದು ಹೀರಿ ಹೊರಗೆ ಬಿಡಲಾರದು. ಕ್ಲಿಪ್ ಹಾಕುವಷ್ಟು ಹೊತ್ತು ಬಾನೆಟ್ ತೆರೆದಿರುತ್ತದಲ್ಲ, ಎಂಜಿನ್ ತಣ್ಣಗಾಗುವುದು ಅದರಿಂದ.

ನಿವೃತ್ತ ಫಿಟ್ಟರ್

ಹೆರಾಲ್ಡ್ ಮೇಡಂ ಚೆನ್ನಾಗಿ ಬಿಡಿಸಿ ಹೇಳಿದರು. ಮೈಸೂರು ರಸ್ತೆಯವರೇ, ನಿಮ್ಮ ಅನುಮಾನ ಸರಿಯಿರಬಹುದು. ಆದರೆ ಕರೆಂಟ್ ಹೋಗಿ ನಿಂತ ಕಾರಿಗೆ ಎಲೆಕ್ಟ್ರಿಕ್ ಪಂಪ್ ಹಾಕಿದರೆ ದುಡ್ಡೂ ಹೋಯಿತು, ತೊಂದರೆಯೂ ಉಳಿಯಿತು. ಐದು ನಿಮಿಷದ ಕೆಲಸಕ್ಕೆ ಯಾಕೆ ಹಿಂಜರಿಯಬೇಕು?

ಬಸವನಗುಡಿ ಮಾರ್ಕ್ 4

ನಿನ್ನೆ ಸಂಜೆ ಬೇಕೆಂದೇ ಹೊಸೂರು ರಸ್ತೆ ಟ್ರಾಫಿಕ್‌ಗೆ ಹೋದೆ. ನನ್ನ ತಂಗಿಯೂ ಜೊತೆಗಿದ್ದಳು, ಸೆಲ್ಫ್ ಹೊಡೆಯಲು ಒಬ್ಬರು ಬೇಕಲ್ಲ. ಮಡಿವಾಳ ದಾಟುವಷ್ಟರಲ್ಲಿ ನಿಂತಿತು.

ಟ್ಯಾಂಕ್ ಮುಚ್ಚಳ ತೆಗೆದೆ, ಸದ್ದು ಏನೂ ಇಲ್ಲ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಪ್ರತಿ ಸಲವೂ ಚೆನ್ನಾಗಿ ಚಿಮ್ಮಿತು. ಒದ್ದೆ ಬಟ್ಟೆ ಸುತ್ತಿದ್ದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಏರ್ ಕ್ಲೀನರ್ ಹಾಕಿ, ವಾಸನೆ ಹೋಗುವವರೆಗೆ ಕಾದು, ಕಿಡಿ ನೋಡಿದರೆ ಏನೂ ಇಲ್ಲ! ಒಮ್ಮೆ ಮಾತ್ರ ಸಣ್ಣ ಹಳದಿ ಕಿಡಿ ಬಂತು. ಕಾಯಿಲ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಸುಮಾರು ಹೊತ್ತಿನ ನಂತರ ಮತ್ತೆ ನೋಡಿದಾಗ ನೀಲಿ ಕಿಡಿ ಬಂತು, ಕಾರು ಹೊರಟಿತು.

ಅಂದರೆ ಕರೆಂಟ್ ಅಲ್ವಾ? ಆದರೆ ಕಾಯಿಲ್ ಹೊಸದು. ಅದು ಯಾಕೆ ಹೋಗಬೇಕು?

ಓಮ್ ಮೀಟರ್

ಹೊಸದು ಅಂದಮಾತ್ರಕ್ಕೆ ನಿಮ್ಮ ಕಾರಿಗೆ ಹೊಂದುವುದು ಅಂತಲ್ಲ. ನನ್ನ ಕೆಲಸ ಎಲೆಕ್ಟ್ರಾನಿಕ್ಸ್, ಹಾಗಾಗಿ ಈ ಭಾಗ ನನಗೆ ಇಷ್ಟವಾದದ್ದು.

ಪಾಯಿಂಟ್ ಇರುವ 12 ವೋಲ್ಟ್ ಕಾರುಗಳಿಗೆ ಎರಡು ಬಗೆಯ ಕಾಯಿಲ್ ಬರುತ್ತವೆ. ಒಂದರ ಪ್ರೈಮರಿ ಸುತ್ತು ಸುಮಾರು 3 ಓಮ್. ಅದಕ್ಕೆ ಸ್ವಿಚ್‌ನಿಂದ ನೇರ 12 ವೋಲ್ಟ್ ಕೊಡುತ್ತಾರೆ. ಇನ್ನೊಂದು ಸುಮಾರು 1.5 ಓಮ್. ಅದು ಬಲಾಸ್ಟ್ ರೆಸಿಸ್ಟರ್ ಜೊತೆ ಓಡಬೇಕಾದದ್ದು. ಸೆಲ್ಫ್ ಹೊಡೆಯುವಾಗ ಮಾತ್ರ ಪೂರ್ತಿ ಬ್ಯಾಟರಿ ವೋಲ್ಟೇಜ್, ಎಂಜಿನ್ ಓಡುವಾಗ ರೆಸಿಸ್ಟರ್ ಮೂಲಕ ಕಮ್ಮಿ. ಹೊರಗಿನಿಂದ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಅಂಗಡಿಯಲ್ಲಿ "ಪಾಯಿಂಟ್ ಗಾಡಿ ಕಾಯಿಲ್ ಕೊಡಿ" ಅಂದರೆ ಯಾವುದು ಕೈಗೆ ಸಿಕ್ಕಿತೋ ಅದು ಬರಬಹುದು.

ಹೀಗೆ ಅಳೆಯಿರಿ. ಕಾಯಿಲ್‌ನ ಎರಡೂ ಸಣ್ಣ ತಂತಿ ಬಿಚ್ಚಿ. ಮಲ್ಟಿಮೀಟರನ್ನು ಕಡಿಮೆ ಓಮ್ ರೇಂಜ್‌ಗೆ ಇಟ್ಟು, ಮೊದಲು ಮೀಟರ್‌ನ ಎರಡು ತಂತಿಗಳನ್ನೇ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ಕಾಯಿಲ್ ಅಳೆದು ಅದನ್ನು ಕಳೆಯಿರಿ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಮೀಟರ್ ತಂತಿಯದೇ ಓಮ್ ಲೆಕ್ಕ ತಪ್ಪಿಸುತ್ತದೆ.

ಬಸವನಗುಡಿ ಮಾರ್ಕ್ 4

ಅಳೆದೆ. ಮೀಟರ್ ತಂತಿ 0.2, ಕಾಯಿಲ್ 1.7. ಅಂದರೆ 1.5 ಓಮ್! ಕಾಯಿಲ್‌ಗೆ ಬರುವ ತಂತಿ ಹಿಡಿದುಕೊಂಡು ಹೋದೆ, ನೇರ ಸ್ವಿಚ್‌ನಿಂದಲೇ ಬರುತ್ತಿದೆ. ಮಧ್ಯೆ ರೆಸಿಸ್ಟರ್ ಅಂತ ಏನೂ ಇಲ್ಲ.

ಓಮ್ ಮೀಟರ್

ಸಿಕ್ಕಿತು ನೋಡಿ. ಎಂಜಿನ್ ಓಡುವಾಗ ವೋಲ್ಟೇಜ್ 13.8 ಅಂತ ಇಟ್ಟುಕೊಳ್ಳಿ. 3 ಓಮ್ ಕಾಯಿಲ್ ಆಗಿದ್ದರೆ ಪಾಯಿಂಟ್ ಮುಚ್ಚಿದಾಗ ಹೆಚ್ಚೆಂದರೆ 4.6 ಆಂಪಿಯರ್ ಹರಿಯುತ್ತದೆ. ನಿಮ್ಮದರಲ್ಲಿ 9.2 ಆಂಪಿಯರ್. ಕಾಯಿಲ್‌ಗೂ ಎರಡರಷ್ಟು ಬಿಸಿ, ಪಾಯಿಂಟ್‌ಗೂ ತಡೆಯಲಾಗದಷ್ಟು ಕರೆಂಟ್.

ಹೈವೇಯಲ್ಲಿ ಸರಿಯಿದ್ದು ಸಿಲ್ಕ್ ಬೋರ್ಡ್‌ನಲ್ಲಿ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಪಾಯಿಂಟ್ ಮುಚ್ಚಿದ ತಕ್ಷಣ ಕಾಯಿಲ್‌ನಲ್ಲಿ ಪೂರ್ತಿ ಕರೆಂಟ್ ಹರಿಯುವುದಿಲ್ಲ, ಏರಲು ಸ್ವಲ್ಪ ಸಮಯ ಬೇಕು. ಎಂಜಿನ್ ವೇಗವಾಗಿ ತಿರುಗುವಾಗ ಅದು ಪೂರ್ತಿ ಏರುವ ಮೊದಲೇ ಪಾಯಿಂಟ್ ತೆರೆದುಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಹಾಗಲ್ಲ. ಪ್ರತಿ ಸಲವೂ ಪೂರ್ತಿ ಏರಿ ಅಲ್ಲೇ ನಿಂತಿರುತ್ತದೆ. ಟ್ರಾಫಿಕ್‌ನಲ್ಲಿ ನಿಂತ ಕಾರಿನಲ್ಲಿ ಕಾಯಿಲ್ ಅತಿ ಹೆಚ್ಚು ಬಿಸಿಯಾಗುತ್ತದೆ, ಬಾನೆಟ್ ಕೆಳಗೆ ಗಾಳಿಯೂ ಆಡುವುದಿಲ್ಲ. ಒಳಗಿನ ಸೆಕೆಂಡರಿ ಸುತ್ತಿನ ಇನ್ಸುಲೇಷನ್ ಬಿಸಿಗೆ ಸೋತು ಕರೆಂಟ್ ಒಳಗೇ ಹಾರುತ್ತದೆ, ಪ್ಲಗ್‌ಗೆ ಬರುವುದಿಲ್ಲ. ತಣ್ಣಗಾದರೆ ಮತ್ತೆ ಸರಿ.

ಇನ್ನೊಂದು ಮುಖ್ಯ ವಿಷಯ. ಬಿಸಿಯಾದಾಗ ತಾಮ್ರದ ಓಮ್ ಏರುತ್ತದೆ, ಡಿಗ್ರಿಗೆ ಸುಮಾರು 0.4 ಶೇಕಡ. ತಣ್ಣಗಿದ್ದಾಗ 3 ಓಮ್ ತೋರಿಸುವ ಒಳ್ಳೆಯ ಕಾಯಿಲ್ 60 ಡಿಗ್ರಿ ಬಿಸಿ ಏರಿದರೆ 3.7 ತೋರಿಸುತ್ತದೆ. ಅದನ್ನು ನೋಡಿ ಕಾಯಿಲ್ ಹಾಳಾಗಿದೆ ಅಂತ ಎಸೆಯಬೇಡಿ. ಇನ್ಸುಲೇಷನ್ ಸೋತಿರುವುದನ್ನು ಮಲ್ಟಿಮೀಟರ್ ತೋರಿಸುವುದೇ ಇಲ್ಲ, ಅದರ ಬ್ಯಾಟರಿ ಬರೀ ಕೆಲವು ವೋಲ್ಟ್. ಕಿಡಿ ಪರೀಕ್ಷೆಯೇ ಅದಕ್ಕೆ ಸಾಕ್ಷಿ.

ನಿವೃತ್ತ ಫಿಟ್ಟರ್

ಕಾಯಿಲ್ ಒಂದನ್ನೇ ಬದಲಾಯಿಸಿ ಡೆಲ್ಕೋ ಮುಚ್ಚಳ ಮುಚ್ಚಬೇಡಿ. ಇಷ್ಟು ಕರೆಂಟ್ ಹರಿದಿದ್ದರೆ ಪಾಯಿಂಟ್ ಸುಟ್ಟಿರುತ್ತದೆ. ಮುಖ ನೀಲಿಯಾಗಿದೆಯಾ, ಒಂದು ಕಡೆ ಗುಂಡಿ ಇನ್ನೊಂದು ಕಡೆ ಗುಬುಟು ಬಂದಿದೆಯಾ ನೋಡಿ. ಬಂದಿದ್ದರೆ ಉಪ್ಪು ಕಾಗದ ಉಜ್ಜಿ ಕಾಲ ಕಳೆಯಬೇಡಿ, ಹೊಸದು ಹಾಕಿ, ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಇಡಿ. ಪಾಯಿಂಟ್‌ನ ಹಿಮ್ಮಡಿಗೆ ಚೂರೇ ಚೂರು ಗ್ರೀಸ್ ಹಚ್ಚಿ. ಹಚ್ಚದಿದ್ದರೆ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತಾ ಹೋಗುತ್ತದೆ, ಮತ್ತೆ ರಸ್ತೆಯಲ್ಲಿ ನಿಲ್ಲುತ್ತೀರಿ.

ಪಾಯಿಂಟ್ ಜೊತೆಗಿರುವ ಕಂಡೆನ್ಸರ್, ಅಂದರೆ ಕೆಪ್ಯಾಸಿಟರ್, ಕೂಡ ನೋಡಿಕೊಳ್ಳಿ. ಬಿಸಿಯಾದಾಗ ಕೈಕೊಡುವುದರಲ್ಲಿ ಅದು ಕಾಯಿಲ್‌ಗಿಂತ ಮುಂದು. ಬೆಲೆ ಕಮ್ಮಿ ಇರುವ ಹೊಸ ಕಂಡೆನ್ಸರ್‌ಗಳಲ್ಲಿ ಬಾಳಿಕೆ ಇಲ್ಲ, ಹಳೇ ಸ್ಟಾಕ್ ಒಳ್ಳೆಯದು ಸಿಕ್ಕರೆ ಬಿಡಬೇಡಿ.

ಡೆಲ್ಕೋ ಒಳಗೆ ಪಾಯಿಂಟ್‌ಗೆ ಹೋಗುವ ಸಣ್ಣ ತಂತಿಯನ್ನು ಮೆಲ್ಲಗೆ ಎಳೆದು ನೋಡಿ. ಹೊರಗೆ ಬಟ್ಟೆಯ ಕವಚ ಚೆನ್ನಾಗಿರುತ್ತದೆ, ಒಳಗೆ ಎಳೆಗಳು ಮುರಿದಿರುತ್ತವೆ. ವ್ಯಾಕ್ಯೂಮ್ ಅಡ್ವಾನ್ಸ್ ಪ್ಲೇಟ್ ತಿರುಗಿದಾಗಲೆಲ್ಲ ತಂತಿ ಬಾಗುವುದರಿಂದ ಹೀಗಾಗುತ್ತದೆ. ತುಂಬಾ ಜನ ಇದನ್ನು ನೋಡುವುದೇ ಇಲ್ಲ.

ಆ ಬಲ್ಬ್ ಯಾಕೆ ಇಟ್ಟುಕೊಳ್ಳಿ ಅಂದೆ ಅಂತ ಈಗ ಹೇಳುತ್ತೇನೆ. ಒಂದು ತಂತಿ ಕಾಯಿಲ್‌ನಲ್ಲಿ ಡೆಲ್ಕೋ ಕಡೆಯ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಸೆಲ್ಫ್ ಹೊಡೆದಾಗ ಬಲ್ಬ್ ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಮಿಣುಕುತ್ತಿದ್ದೂ ಪ್ಲಗ್‌ನಲ್ಲಿ ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್, ರೋಟರ್, ಡೆಲ್ಕೋ ಕ್ಯಾಪ್ ಈ ನಾಲ್ಕರಲ್ಲಿ ಒಂದು. ಬಲ್ಬ್ ಒಂದೇ ಸಮ ಉರಿದರೆ ಪಾಯಿಂಟ್ ಸೇರುತ್ತಿಲ್ಲ, ಅಥವಾ ಆ ಸಣ್ಣ ತಂತಿ ತುಂಡಾಗಿದೆ. ಉರಿಯಲೇ ಇಲ್ಲ ಅಂದರೆ ಸ್ವಿಚ್‌ನಿಂದ ಕರೆಂಟ್ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ಅಂಟಿದೆ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ. ಎರಡು ತಂತಿಯ ಬಲ್ಬ್ ಇಷ್ಟೆಲ್ಲ ಹೇಳುತ್ತದೆ.

ಓಮ್ ಮೀಟರ್

ಕಂಡೆನ್ಸರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದನ್ನು ಡೆಲ್ಕೋ ಒಳಗೇ ಇಡಬೇಕು ಅಂತಿಲ್ಲ. ಕಾಯಿಲ್‌ನ ಡೆಲ್ಕೋ ಕಡೆ ಟರ್ಮಿನಲ್‌ಗೂ ಬಾಡಿಗೂ ನಡುವೆ, ಎಂಜಿನ್ ಬಿಸಿಯಿಂದ ದೂರದಲ್ಲಿ ಹಾಕಿದರೂ ಅದೇ ಕೆಲಸ ಮಾಡುತ್ತದೆ. ಅದರ ಕೆಪ್ಯಾಸಿಟೆನ್ಸ್ ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು. ಕೆಪ್ಯಾಸಿಟರ್ ಅಳೆಯುವ ಮೀಟರ್ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ತೆಗೆದುಕೊಂಡ ದಿನವೇ ಅಳೆದು ಹಾಕಿ.

ಬಸವನಗುಡಿ ಮಾರ್ಕ್ 4

ಪಾಯಿಂಟ್ ನೀವು ಹೇಳಿದ ಹಾಗೆಯೇ ಸುಟ್ಟು ನೀಲಿಯಾಗಿತ್ತು. ಜೆ.ಸಿ. ರಸ್ತೆಯಲ್ಲಿ 3 ಓಮ್ ಕಾಯಿಲ್ ತಂದೆ. ಮೀಟರ್ ಜೊತೆಗೇ ಒಯ್ದು ಅಂಗಡಿಯಲ್ಲೇ ಅಳೆದೆ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ, ಇನ್ನೊಂದು ಡಬ್ಬಿ ತೆಗೆದು ಇದೂ ನೋಡಿ ಅಂದರು. ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿದೆ. ಡೆಲ್ಕೋ ಒಳಗಿನ ತಂತಿ ಗಟ್ಟಿಯಾಗಿದೆ.

ಈ ವಾರ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಕೆ.ಆರ್. ಪುರ ಎಲ್ಲ ಕಡೆ ಹೋದೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಓಡುವಾಗ ಒಮ್ಮೆಯೂ ನಿಲ್ಲಲಿಲ್ಲ. ಐಡ್ಲಿಂಗ್ ಕೂಡ ಮೊದಲಿಗಿಂತ ಸಮವಾಗಿದೆ. ಕಾಯಿಲ್ ಬಿಸಿಯಾಗುತ್ತದೆ, ಆದರೆ ಕೈ ಇಡಬಹುದು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೊಂದು ಸಣ್ಣ ತೊಂದರೆ ಉಳಿದಿದೆ. ದೂರ ಓಡಿಸಿಕೊಂಡು ಬಂದು, ಕಾಫಿಗೆ ಅಂತ ಹತ್ತು ನಿಮಿಷ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಹಿಡಿಯಲು ಒದ್ದಾಡುತ್ತದೆ. ಪೆಟ್ರೋಲ್ ವಾಸನೆ ಬರುತ್ತದೆ. ಹಿಡಿದ ಮೇಲೆ ಸ್ವಲ್ಪ ಕಪ್ಪು ಹೊಗೆ, ಆಮೇಲೆ ಸರಿ. ಇದೂ ಕರೆಂಟೇನಾ?

ಮಲ್ಲೇಶ್ವರದ ಹೆರಾಲ್ಡ್

ಇಲ್ಲ, ಇದು ಬೇರೆಯೇ ತೊಂದರೆ. ಓಡುವಾಗ ನಿಲ್ಲುವುದು ಒಂದು, ಆಫ್ ಮಾಡಿದ ಮೇಲೆ ಹಿಡಿಯದಿರುವುದು ಇನ್ನೊಂದು. ಎರಡಕ್ಕೂ ಬಿಸಿ ಕಾರಣ ಅಂತ ಒಟ್ಟಿಗೆ ಸೇರಿಸಿದರೆ ಯಾವುದೂ ಬಗೆಹರಿಯುವುದಿಲ್ಲ.

ಎಂಜಿನ್ ಓಡುವಾಗ ಫ್ಯಾನ್ ಗಾಳಿ ಇರುತ್ತದೆ, ಹೊಸ ಪೆಟ್ರೋಲ್ ಬರುತ್ತಾ ಬೌಲನ್ನು ತಂಪಾಗಿಡುತ್ತದೆ. ಆಫ್ ಮಾಡಿದ ತಕ್ಷಣ ಎರಡೂ ನಿಂತುಹೋಗುತ್ತವೆ, ಆದರೆ ಕೆಳಗಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇನ್ನೂ ಕೆಂಡದಂತಿರುತ್ತದೆ. ಆ ಬಿಸಿ ಮೇಲೇರಿ ಬೌಲ್‌ನಲ್ಲಿರುವ ಪೆಟ್ರೋಲ್ ಉಕ್ಕಿ ಇನ್‌ಲೆಟ್ ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಅಂದರೆ ನಿಮ್ಮ ಎಂಜಿನ್‌ಗೆ ಆಗ ಪೆಟ್ರೋಲ್ ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ. ವಾಸನೆ, ಕಪ್ಪು ಹೊಗೆ ಅದರದ್ದೇ ಗುರುತು. ಮೈಸೂರು ರಸ್ತೆಯವರು ಹೇಳಿದ ಹಾಗೆ ಕಾರ್ಬ್ಯುರೇಟರ್ ಎಕ್ಸಾಸ್ಟ್ ಮೇಲೇ ಕೂತಿರುವುದು ಇಲ್ಲಿ ಕೆಲಸ ಕೊಡುತ್ತದೆ.

ಸದ್ಯಕ್ಕೆ ಸ್ಟಾರ್ಟ್ ಮಾಡುವ ರೀತಿ ಬದಲಾಯಿಸಿ. ಚೋಕ್ ಮುಟ್ಟಬೇಡಿ. ಆಕ್ಸಲರೇಟರ್ ಪೂರ್ತಿ ಒತ್ತಿ ಹಾಗೇ ಹಿಡಿದುಕೊಳ್ಳಿ, ಪದೇ ಪದೇ ತುಳಿಯಬೇಡಿ. ತುಳಿದಷ್ಟೂ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ. ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ಜಾಸ್ತಿ ಹೋಗಿ ಒಳಗಿನ ಪೆಟ್ರೋಲ್ ಒಣಗುತ್ತದೆ, ಎಂಜಿನ್ ಹಿಡಿಯುತ್ತದೆ. ಹಿಡಿದ ಕೂಡಲೇ ಕಾಲು ತೆಗೆಯಿರಿ.

ಶಾಶ್ವತ ಪರಿಹಾರಕ್ಕೆ ಕಾರ್ಬ್ಯುರೇಟರ್ ಕೆಳಗೆ ಬೇಕಲೈಟ್ ಪ್ಯಾಕಿಂಗ್ ಇದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಅದನ್ನು ಯಾರೋ ಬಿಚ್ಚಿ, ಬರೀ ಕಾಗದದ ಗ್ಯಾಸ್ಕೆಟ್ ಹಾಕಿ ಕೂರಿಸಿರುತ್ತಾರೆ. ಅದರ ಜೊತೆಗೆ ಕಾರ್ಬ್ಯುರೇಟರ್‌ಗೂ ಎಕ್ಸಾಸ್ಟಿಗೂ ಮಧ್ಯೆ ಅಲ್ಯೂಮಿನಿಯಂ ಹಾಳೆಯ ತಡೆ. ಫ್ಲೋಟ್ ಲೆವೆಲ್ ಕೂಡ ನೋಡಿಸಿ. ಜಾಸ್ತಿ ಇದ್ದರೆ ಉಕ್ಕುವುದು ಬೇಗ.

ನಿವೃತ್ತ ಫಿಟ್ಟರ್

ಪ್ಯಾಕಿಂಗ್ ದಪ್ಪ ಹಾಕುವಾಗ ಮೂರು ಕಡೆ ಗಮನ ಇರಲಿ. ಸ್ಟಡ್ ಉದ್ದ ಸಾಲಬೇಕು, ನಟ್ ಪೂರ್ತಿ ಹಿಡಿಯಬೇಕು. ಆಕ್ಸಲರೇಟರ್ ಲಿಂಕ್ ಎಳೆದು ಹಿಡಿಯಬಾರದು, ಹಿಡಿದರೆ ಪೆಡಲ್ ಬಿಟ್ಟಾಗ ವಾಪಸ್ ಬರುವುದಿಲ್ಲ, ಅದು ಅಪಾಯ. ಏರ್ ಕ್ಲೀನರ್ ಬಾನೆಟ್‌ಗೆ ತಾಗಬಾರದು. ಕೂರಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಕಿವಿಗೊಟ್ಟು ಕೇಳಿ, ಸುಯ್ ಅಂತ ಗಾಳಿ ಎಳೆಯುವ ಸದ್ದಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ.

ಟೈಮಿಂಗ್ ಕೂಡ ಒಮ್ಮೆ ನೋಡಿಸಿ. ಪಾಯಿಂಟ್ ಬದಲಾಯಿಸಿದರೆ ಟೈಮಿಂಗ್ ಚೂರು ಸರಿದೇ ಸರಿಯುತ್ತದೆ. ಟೈಮಿಂಗ್ ಹಿಂದೆ ಬಿದ್ದರೆ ಎಕ್ಸಾಸ್ಟ್ ಇನ್ನೂ ಜಾಸ್ತಿ ಕಾಯುತ್ತದೆ.

ಯಲಹಂಕ ಪದ್ಮಿನಿ

ಇ20 ವಿಷಯ ಬಂತಲ್ಲ, ಹಳೇ ರಬ್ಬರ್ ಹೋಸ್ ಬದಲಾಯಿಸಿದ್ದೀರಾ ಮಾರ್ಕ್ 4 ಅವರೇ? ಎಥನಾಲ್‌ಗೆ ಹಳೇ ಕಾಲದ ರಬ್ಬರ್ ಊದಿಕೊಳ್ಳುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಎ.ಸಿ. ಪಂಪಿನ ಡಯಾಫ್ರಮ್‌ಗೂ ಅದೇ ಗತಿ. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿದ್ದರೆ ತೆಗೆದುಕೊಳ್ಳಿ, ಒಳಗಿನ ಪದರ ಎಥನಾಲ್ ತಡೆಯುತ್ತದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಹಾಗೆ ಮಾತ್ರ ಬಿಡಬೇಡಿ. ಎಷ್ಟೋ ಚೆಂದದ ಹಳೇ ಕಾರುಗಳು ಸುಟ್ಟುಹೋಗುವುದು ಹೀಗೆಯೇ.

ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ತುಕ್ಕಿಗೆ ಅದೇ ಶುರು.

ಮೈಸೂರು ರಸ್ತೆ

ನಿಮ್ಮ ಕಾರು ಸರಿಯಾಗಿದ್ದು ಕೇಳಿ ನಿಜಕ್ಕೂ ಖುಷಿಯಾಯಿತು. ನನ್ನ ಕಾರಿಗೆ ಮಾತ್ರ ಎಲೆಕ್ಟ್ರಿಕ್ ಪಂಪ್ ಹಾಕಿಸಬೇಕು ಅಂತಲೇ ಇದೆ. ಒದ್ದೆ ಬಟ್ಟೆ ಪರೀಕ್ಷೆ ಮಾಡಿದೆ, ಎರಡೇ ನಿಮಿಷದಲ್ಲಿ ಸ್ಟಾರ್ಟ್ ಆಯಿತು. ಯಾವ ಪಂಪ್ ತೆಗೆದುಕೊಳ್ಳಲಿ?

ಮಲ್ಲೇಶ್ವರದ ಹೆರಾಲ್ಡ್

ಪರೀಕ್ಷೆ ಮಾಡಿ ತೀರ್ಮಾನಿಸಿದ್ದೀರಿ, ಹಾಕಿಸಿ. ಒತ್ತಡ 3 ಪಿಎಸ್‌ಐ ಒಳಗಿರುವ ಕಾರ್ಬ್ಯುರೇಟರ್ ಪಂಪ್ ಬೇಕು. ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಕಾರಿನ ಪಂಪ್ ಯಾರಾದರೂ ಕೊಟ್ಟರೆ ಬೇಡವೇ ಬೇಡ ಅನ್ನಿ. ಅದರ ಒತ್ತಡಕ್ಕೆ ನೀಡಲ್ ವಾಲ್ವ್ ಮುಚ್ಚಿಕೊಳ್ಳುವುದೇ ಇಲ್ಲ, ಪೆಟ್ರೋಲ್ ಕಾರ್ಬ್ಯುರೇಟರ್‌ನಿಂದ ಹೊರಗೆ ಸುರಿಯುತ್ತದೆ. ಪಂಪ್ ಟ್ಯಾಂಕಿನ ಹತ್ತಿರ, ಟ್ಯಾಂಕಿನ ತಳಕ್ಕಿಂತ ತುಂಬಾ ಮೇಲಿರದ ಹಾಗೆ ಇರಲಿ.

ಎ.ಸಿ. ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಗಲ್ಲ, ಅಪಘಾತವಾಗಿ ಪೈಪ್ ಹರಿದರೂ ಸ್ವಿಚ್ ಆನ್ ಇರುವವರೆಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಫ್ಯೂಸ್ ಜೊತೆಗೆ, ಆಯಿಲ್ ಪ್ರೆಷರ್ ಬಿದ್ದರೆ ಅಥವಾ ಕಾರಿಗೆ ಪೆಟ್ಟು ಬಿದ್ದರೆ ಪಂಪಿನ ಕರೆಂಟ್ ಕಡಿಯುವ ಸ್ವಿಚ್ ಹಾಕಿಸಲೇಬೇಕು. ಇದನ್ನು ಹಾಕದೆ ಪಂಪ್ ಕೂರಿಸಿಕೊಡುವವರ ಹತ್ತಿರ ಕೆಲಸ ಮಾಡಿಸಬೇಡಿ.

ಬಸವನಗುಡಿ ಮಾರ್ಕ್ 4

ಬಿಚ್ಚಿ ನೋಡಿದೆ, ಬೇಕಲೈಟ್ ಪ್ಯಾಕಿಂಗ್ ಇರಲೇ ಇಲ್ಲ, ಎರಡು ಕಾಗದದ ಗ್ಯಾಸ್ಕೆಟ್ ಅಷ್ಟೇ. ಪ್ಯಾಕಿಂಗ್ ಹಾಕಿ, ಅಲ್ಯೂಮಿನಿಯಂ ತಡೆ ಮಾಡಿಸಿ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿದೆ. ಹೋಸ್ ಎಲ್ಲ ಹೊಸದು. ಕಾಫಿ ಕುಡಿದು ಬಂದು ಸೆಲ್ಫ್ ಹೊಡೆದರೆ ಈಗ ಹಿಡಿಯುತ್ತದೆ. ತುಂಬಾ ಬಿಸಿಲಿದ್ದಾಗ ಮಾತ್ರ ಆಕ್ಸಲರೇಟರ್ ಒತ್ತಿ ಹಿಡಿಯಬೇಕಾಗುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಆ 1.5 ಓಮ್ ಕಾಯಿಲ್ ಡಿಕ್ಕಿಯಲ್ಲಿ ಸ್ಪೇರ್ ಅಂತ ಇಟ್ಟುಕೊಳ್ಳಬಹುದಾ?

ಓಮ್ ಮೀಟರ್

ಬೇಡ. ಒಮ್ಮೆ ಇನ್ಸುಲೇಷನ್ ಸೋತ ಕಾಯಿಲ್ ಅದು, ರೆಸಿಸ್ಟರ್ ಹಾಕಿದರೂ ನಂಬುವಂತಿಲ್ಲ. ಇನ್ನೊಂದು 3 ಓಮ್ ಕಾಯಿಲ್ ತಂದು ಅಳೆದು ಇಟ್ಟುಕೊಳ್ಳಿ.

ಬೇರೆಯವರು ತಮ್ಮ ಕಾರಿನಲ್ಲಿ ಬಲಾಸ್ಟ್ ಇದೆಯಾ ಅಂತ ನೋಡಲು ತಂತಿ ಹುಡುಕಿಕೊಂಡು ಹೋಗಬೇಕಿಲ್ಲ. ಕೆಲವು ಕಾರುಗಳಲ್ಲಿ ರೆಸಿಸ್ಟರ್ ಬೇರೆ ಕಾಣುವುದೇ ಇಲ್ಲ, ವೈರಿಂಗ್ ಒಳಗೇ ರೆಸಿಸ್ಟೆನ್ಸ್ ತಂತಿ ಇರುತ್ತದೆ. ಡೆಲ್ಕೋ ಮುಚ್ಚಳ ತೆಗೆದು ಎಂಜಿನ್ ತಿರುಗಿಸಿ ಪಾಯಿಂಟ್ ಮುಚ್ಚಿರುವ ಜಾಗಕ್ಕೆ ತನ್ನಿ. ಸ್ವಿಚ್ ಆನ್ ಮಾಡಿ ಕಾಯಿಲ್‌ನ ಸ್ವಿಚ್ ಕಡೆ ಟರ್ಮಿನಲ್‌ನಿಂದ ಬಾಡಿಗೆ ವೋಲ್ಟ್ ಅಳೆಯಿರಿ. 12ರ ಹತ್ತಿರ ಇದ್ದರೆ ಬಲಾಸ್ಟ್ ಇಲ್ಲ, 3 ಓಮ್ ಕಾಯಿಲ್ ಬೇಕು. ಅರ್ಧದಷ್ಟು, 6-7 ವೋಲ್ಟ್ ಇದ್ದರೆ ಬಲಾಸ್ಟ್ ಇದೆ, 1.5 ಓಮ್ ಕಾಯಿಲ್ ಸರಿ. ಅಳೆದ ತಕ್ಷಣ ಸ್ವಿಚ್ ಆಫ್ ಮಾಡಿ. ಪಾಯಿಂಟ್ ಮುಚ್ಚಿ ಎಂಜಿನ್ ನಿಂತಿರುವಾಗ ಸ್ವಿಚ್ ಆನ್ ಬಿಟ್ಟರೆ ಒಳ್ಳೆಯ ಕಾಯಿಲ್ ಕೂಡ ಸುಟ್ಟುಹೋಗುತ್ತದೆ.